ಕಕ್ಕಯ್ಯನ ಹೆಸರಿನ ಬೀದಿಯವರಿಗೆ ನೆರೆಹೊರೆ ಯಾರು?



ಕಳೆದ ಹುಣ್ಣಿಮೆಯಂದು ಮುಂಬಯಿಯ ಮುಲುಂಡ್ ಉಪನಗರದಲ್ಲಿ ನೆಲೆಸಿರುವ ಏಳೆಂಟು ಮಂದಿ ಭಕ್ತರು ಪೂಜ್ಯರ ದರ್ಶನಕ್ಕೆಂದು ಶ್ರೀಮಠಕ್ಕೆ ಬಂದಿದ್ದರು. ಎರಡು ತಲೆಮಾರುಗಳ ಹಿಂದೆ ವಿಜಯಪುರ, ಕಲಬುರಗಿಯ ಕಡೆಯಿಂದ ಉದ್ಯೋಗವನ್ನರಸಿ ಹೋದ ಮನೆತನಗಳವರು ಅವರು. ಬ್ಯಾಂಕು, ರೈಲ್ವೆ, ಶಾಲೆಗಳಲ್ಲಿ ದುಡಿದು, ಸಾಲ ಮಾಡಿ ಒಂದೊಂದು ಫ್ಲ್ಯಾಟ್ ಕೊಂಡು, ಮಕ್ಕಳನ್ನು ಓದಿಸಿ ದಡ ಸೇರಿಸಿದವರು. ಅವರ ಕೈಯಲ್ಲೊಂದು ಮನವಿ ಪತ್ರವಿತ್ತು. ತಮ್ಮ ಬಡಾವಣೆಯ ಸಮೀಪದಲ್ಲಿ ಸರ್ಕಾರವು ಕಟ್ಟಿಸಲು ಹೊರಟಿರುವ ವಸತಿ ಸಂಕೀರ್ಣಗಳನ್ನು ಕೈಬಿಡಬೇಕೆಂಬುದು ಅದರ ಸಾರ. ಅದಕ್ಕೆ ಶ್ರೀಮಠದ ಬೆಂಬಲವನ್ನು ಲಿಖಿತವಾಗಿ ಕೊಡಿಸಬೇಕೆಂದು ಅವರು ನನ್ನನ್ನು ಕೇಳಿಕೊಂಡರು.

ಬೆಂಬಲ ಪತ್ರದ ಕರಡನ್ನು ನಾನು ಅಂದೇ ಸಿದ್ಧಪಡಿಸಿದೆ. ನಮ್ಮ ಭಕ್ತರ ಕಷ್ಟ, ನಮ್ಮ ಕರ್ತವ್ಯ ಎಂಬುದಷ್ಟೇ ಆಗ ನನ್ನ ಮನಸ್ಸಿನಲ್ಲಿದ್ದುದು. ಪೂಜ್ಯರು ಕರಡನ್ನು ಓದಿ ಒಂದೇ ಪ್ರಶ್ನೆ ಕೇಳಿದರು: “ಅವರು ಇಲ್ಲಿಗೆ ಬರಬಾರದು ಎಂದು ಬರೆದಿದ್ದೀರಿ. ಹಾಗಾದರೆ ಎಲ್ಲಿಗೆ ಹೋಗಬೇಕು ಎಂಬುದು ಇದರಲ್ಲಿ ಇಲ್ಲವಲ್ಲ?” ನನ್ನಲ್ಲಿ ಉತ್ತರವಿರಲಿಲ್ಲ. ಕರಡು ಸಹಿಯಾಗದೆ ಮೇಜಿನ ಮೇಲೆಯೇ ಉಳಿಯಿತು. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನೂ ಕೇಳಿ ತಿಳಿದದ್ದನ್ನೂ ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ವಿವಾದದ ಹಿನ್ನೆಲೆ

ಮುಲುಂಡ್ ನಿವಾಸಿಗಳ ವಿರೋಧಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಮುಂಬಯಿ ಮಹಾನಗರ ಪಾಲಿಕೆಯು ಮುಲುಂಡ್ ಪೂರ್ವದಲ್ಲಿ ಯೋಜಿಸಿದ ಪುನರ್ವಸತಿ ಸಂಕೀರ್ಣ. ರಸ್ತೆ ಅಗಲೀಕರಣ, ಚರಂಡಿ, ನೀರಿನ ಕೊಳವೆ ಮುಂತಾದ ಕಾಮಗಾರಿಗಳಿಂದ ಮನೆ ಕಳೆದುಕೊಂಡವರಿಗಾಗಿ 7 ಸಾವಿರಕ್ಕೂ ಹೆಚ್ಚು ಸಣ್ಣ ಮನೆಗಳನ್ನು ಒಂದೇ ಕಡೆ ಕಟ್ಟುವ ಯೋಜನೆಯಿದು. 2023ರಲ್ಲಿ ಇದರ ವಿರುದ್ಧ ಸ್ಥಳೀಯರು ಬೀದಿಗಿಳಿದರು. ಎರಡನೆಯದು, ಧಾರಾವಿಯ ಪುನರಭಿವೃದ್ಧಿ. ಧಾರಾವಿಯಲ್ಲಿಯೇ ಮನೆ ಪಡೆಯಲು ಅರ್ಹರಲ್ಲವೆಂದು ಎಣಿಸಲಾದವರಿಗಾಗಿ ಮುಲುಂಡ್, ಭಾಂಡುಪ್, ಕಾಂಜೂರಮಾರ್ಗಗಳಲ್ಲಿ ಹರಡಿರುವ ಸುಮಾರು 256 ಎಕರೆ ಉಪ್ಪಿನ ಗದ್ದೆಗಳನ್ನು ಕೊಡಲು 2024ರಲ್ಲಿ ಸರ್ಕಾರವು ಮುಂದಾಯಿತು. ಅದೇ ವರ್ಷ ಕುರ್ಲಾದಲ್ಲಿ ಹಾಲಿನ ಡೇರಿಗೆ ಸೇರಿದ ಸುಮಾರು 8.5 ಹೆಕ್ಟೇರ್ ಭೂಮಿಯನ್ನು ಇದೇ ಯೋಜನೆಗೆ ನೀಡುವ ಆದೇಶ ಹೊರಬಿದ್ದಾಗ, ಅಲ್ಲಿಯ ನಿವಾಸಿಗಳೂ ವಿರೋಧಿಸಿದರು. ತಮಗೆ ಸಾರ್ವಜನಿಕ ಉದ್ಯಾನ ಬೇಕೆಂಬುದು ಅವರ ಬೇಡಿಕೆ.

ಧಾರಾವಿಯ ಯೋಜನೆಯ ಸ್ವರೂಪವನ್ನು ಸ್ವಲ್ಪ ಅರಿಯುವುದು ಅಗತ್ಯ. ಸುಮಾರು 240 ಹೆಕ್ಟೇರ್ ಪ್ರದೇಶದ ಈ ವಸತಿಯನ್ನು ಹೊಸದಾಗಿ ಕಟ್ಟುವ ಮಾತು 2004ರಿಂದಲೂ ನಡೆದಿದೆ. ಹಲವು ಟೆಂಡರುಗಳು ವಿಫಲವಾದ ಬಳಿಕ 2022ರ ನವೆಂಬರಿನಲ್ಲಿ ಅದಾನಿ ಸಮೂಹವು 5,069 ಕೋಟಿ ರೂಪಾಯಿಗಳ ಬಿಡ್ಡಿನಿಂದ ಗುತ್ತಿಗೆಯನ್ನು ಪಡೆಯಿತು. ನಿಯಮದ ಪ್ರಕಾರ, 2000ನೆಯ ಇಸವಿಯ ಜನವರಿ 1ಕ್ಕೆ ಮೊದಲು ನೆಲಮಹಡಿಯಲ್ಲಿ ವಾಸವಿದ್ದವರಿಗೆ ಧಾರಾವಿಯಲ್ಲಿಯೇ 350 ಚದರ ಅಡಿಯ ಮನೆ ಉಚಿತ. ಆ ಬಳಿಕ 2011ರ ಜನವರಿ 1ರೊಳಗೆ ಬಂದವರಿಗೆ ಎರಡೂವರೆ ಲಕ್ಷ ರೂಪಾಯಿಗೆ ಮನೆ. ಆದರೆ ಧಾರಾವಿಯ ಹೊರಗೆ. ಅದಕ್ಕೂ ಈಚೆಗೆ ಬಂದವರಿಗೆ ಮತ್ತು ಮೇಲಂತಸ್ತುಗಳಲ್ಲಿ ಇರುವವರಿಗೆ ಹೊರಗೆಯೇ ಬಾಡಿಗೆಯ ಮನೆ. ಕಂತು ಕಟ್ಟಿ ಅದನ್ನು ಮುಂದೆ ಸ್ವಂತಕ್ಕೆ ಪಡೆಯುವ ಅವಕಾಶ. ಹೀಗೆ ‘ಹೊರಗೆ’ ಎಂಬ ಒಂದು ಪದದಿಂದ ಮುಲುಂಡ್, ಕುರ್ಲಾಗಳ ಜಗಳ ಹುಟ್ಟಿದೆ.

ಕಕ್ಕಯ್ಯನ ಹೆಸರಿನ ಬೀದಿ

ಇದು ಮುಂಬಯಿಯ ವಿಷಯ, ನಮಗೇಕೆ ಎಂದು ಓದುಗರು ಕೇಳಬಹುದು. ಧಾರಾವಿಯ ಮುಖ್ಯ ಬೀದಿಗಳಲ್ಲೊಂದರ ಹೆಸರು ‘ಸಂತ ಕಕ್ಕಯ್ಯ ಮಾರ್ಗ’. ಈ ಕಕ್ಕಯ್ಯ ಬೇರಾರೂ ಅಲ್ಲ. ಕಲ್ಯಾಣದ ಶರಣಸಂಕುಲಕ್ಕೆ ಸೇರಿದ ನಮ್ಮ ಡೋಹರ ಕಕ್ಕಯ್ಯನವರೇ. ಚರ್ಮ ಹದ ಮಾಡುವುದನ್ನೇ ಕಾಯಕವಾಗಿ ಸ್ವೀಕರಿಸಿದ್ದ ಮಹಾನುಭಾವರು. ಕಲ್ಯಾಣದ ವಿಪ್ಲವದ ನಂತರ ವಚನಗಳ ಕಟ್ಟುಗಳನ್ನು ರಕ್ಷಿಸುತ್ತಾ ಹೊರಟ ಶರಣರ ದಂಡಿನಲ್ಲಿ ಹೋರಾಡಿ, ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಲಿಂಗೈಕ್ಯರಾದರೆಂಬುದು ಪರಂಪರೆಯ ನಂಬಿಕೆ. ಮಹಾರಾಷ್ಟ್ರದ ಢೋರ ಸಮಾಜದವರು ಇಂದಿಗೂ ಅವರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಚರ್ಮೋದ್ಯಮವನ್ನು ನೆಚ್ಚಿ ಧಾರಾವಿಗೆ ಬಂದು ನೆಲೆಸಿದವರಲ್ಲಿ ಅವರೂ ಇದ್ದಾರೆ. ಆ ಬೀದಿಯ ಹೆಸರು ಅವರ ಭಕ್ತಿಯ ಕುರುಹು.

ಅದೇ ಹುಣ್ಣಿಮೆಯ ದಿನ ದಾಸೋಹದ ಪಂಕ್ತಿಯಲ್ಲಿ ಮುಲುಂಡಿನ ಭಕ್ತರಿಂದ ನಾಲ್ಕಾರು ಆಸನಗಳ ಆಚೆಗೆ, ಆ ಬೀದಿಯ ಹತ್ತಿರದಲ್ಲಿಯೇ ಮೇಲಂತಸ್ತಿನ ಒಂದು ಕೋಣೆಯಲ್ಲಿ ವಾಸಿಸುವ ಹಿರಿಯರೊಬ್ಬರು ಮಗನೊಡನೆ ಪ್ರಸಾದ ಸ್ವೀಕರಿಸುತ್ತಿದ್ದರು. ಚರ್ಮದ ಚೀಲ ಹೊಲಿಯುವ ಕಾಯಕದವರು. ಮೇಲಂತಸ್ತಿನವರಾದ್ದರಿಂದ ಅವರ ಪಾಲಿಗೆ ಬರುವುದು ‘ಹೊರಗಿನ’ ಮನೆ. ಪ್ರಸಾದವಾದ ಮೇಲೆ ನಾನು ವಿಚಾರಿಸಿದಾಗ ಅವರು ಹೇಳಿದ್ದಿಷ್ಟು: “ನಮಗೂ ಅಲ್ಲಿಗೆ ಹೋಗೋ ಮನಸ್ಸಿಲ್ರೀ ಸಾಹೇಬ್ರ. ಕೆಲಸ ಇಲ್ಲದ, ಗಿರಾಕಿ ಇಲ್ಲದ. ಆದ್ರ ಇಲ್ಲೇ ಇರ್ರಿ ಅನ್ನೋರು ಯಾರೂ ಇಲ್ಲ, ಬರ್ರಿ ಅನ್ನೋರೂ ಯಾರೂ ಇಲ್ಲ.”

ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಪ್ರಸಾದವನ್ನು ಉಂಡವರು. ಒಬ್ಬರು ತಡೆಯಬೇಕೆಂದು ಪತ್ರ ಹಿಡಿದು ಬಂದವರು, ಇನ್ನೊಬ್ಬರು ತಡೆಯಲ್ಪಡಬೇಕಾದವರು. ಶ್ರೀಮಠವು ಯಾರ ಪರವಾಗಿ ಪತ್ರ ಬರೆಯಬೇಕು?

ವಿರೋಧದಲ್ಲಿರುವ ನ್ಯಾಯ

ಮುಲುಂಡಿನ ಭಕ್ತರನ್ನು ಸ್ವಾರ್ಥಿಗಳೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಸತ್ಯಕ್ಕೆ ದೂರ. ಆ ಉಪನಗರವು ಹತ್ತಾರು ವರ್ಷ ಮುಂಬಯಿಯ ಕಸವನ್ನು ತನ್ನ ಮಗ್ಗುಲಲ್ಲಿ ಹೊತ್ತುಕೊಂಡಿತ್ತು. ಮುಲುಂಡಿನ ಕಸದ ರಾಶಿಗೆ ಹೊಸ ಕಸ ಸುರಿಯುವುದು ನಿಂತದ್ದು 2018ರಲ್ಲಿ, ಅದೂ ನಿವಾಸಿಗಳ ದೀರ್ಘ ಹೋರಾಟದ ನಂತರ. ಲೋಕಲ್ ರೈಲು ಹತ್ತುವುದೇ ಸಾಹಸವಾಗಿರುವ ಊರಿನಲ್ಲಿ, ಒಂದೇ ಮೂಲೆಗೆ ಸಾವಿರಾರು ಕುಟುಂಬಗಳು ಒಮ್ಮೆಲೇ ಬಂದರೆ ಶಾಲೆ, ಆಸ್ಪತ್ರೆ, ನೀರು, ರಸ್ತೆಗಳ ಗತಿಯೇನೆಂದು ಕೇಳುವುದು ನಾಗರಿಕರ ಹಕ್ಕು. ಸ್ಥಳೀಯರ ಅಹವಾಲನ್ನು ಆಲಿಸದೆ ಯೋಜನೆಯನ್ನು ಹೇರುವುದು ಆಡಳಿತದ ದೋಷ.

ಉಪ್ಪಿನ ಗದ್ದೆಗಳ ವಿಷಯದಲ್ಲಿಯಂತೂ ವಿರೋಧಕ್ಕೆ ಇನ್ನೂ ಗಟ್ಟಿಯಾದ ಆಧಾರವಿದೆ. ಈ ತಗ್ಗು ಬಯಲುಗಳು ಸಮುದ್ರದ ಉಬ್ಬರದ ನೀರನ್ನೂ ಮಳೆಯ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನೂರಾರು ಜನ ಪ್ರಾಣ ಕಳೆದುಕೊಂಡರು. ನೀರಿಗೆ ನಿಲ್ಲಲು ಜಾಗವಿಲ್ಲದಿದ್ದರೆ ಅದು ಮನೆಯೊಳಗೆ ಬರುತ್ತದೆಂಬ ಪಾಠವನ್ನು ಆ ದಿನ ಕಲಿಸಿತು. ಈ ಗದ್ದೆಗಳ ಹಂಚಿಕೆಯನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಉಚ್ಚ ನ್ಯಾಯಾಲಯವು 2025ರಲ್ಲಿ ವಜಾಗೊಳಿಸಿತು. ನ್ಯಾಯಾಲಯದ ತೀರ್ಪು ಶಿರೋಧಾರ್ಯ. ಆದರೂ ತಗ್ಗಿನಲ್ಲಿ ಕಟ್ಟಿದ ಮನೆಗೆ ನೀರು ನುಗ್ಗಿದಾಗ ಮೊದಲು ಮುಳುಗುವವರು ಅಲ್ಲಿಗೆ ಕಳುಹಿಸಲ್ಪಟ್ಟ ಬಡವರೇ ಎಂಬ ಕಳವಳವು ತೀರ್ಪಿನಿಂದ ಇಲ್ಲವಾಗುವುದಿಲ್ಲ.

ವಿರೋಧದ ಇನ್ನೊಂದು ಮುಖ

ಇಷ್ಟನ್ನು ಒಪ್ಪಿದ ಮೇಲೆ ಒಂದು ಕಹಿಯಾದ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಮುಲುಂಡಿನ ಎಲ್.ಬಿ.ಎಸ್. ಮಾರ್ಗದ ಉದ್ದಕ್ಕೂ ಹಳೆಯ ಕಾರ್ಖಾನೆಗಳಿದ್ದ ಜಾಗಗಳಲ್ಲಿ ಕಳೆದ ಎರಡು ದಶಕಗಳಲ್ಲಿ ಮುಗಿಲು ಮುಟ್ಟುವ ವಸತಿ ಸಂಕೀರ್ಣಗಳು ಎದ್ದಿವೆ. ಅಲ್ಲಿಯವರೂ ನೀರು ಬಳಸುತ್ತಾರೆ. ಒಂದೊಂದು ಮನೆಗೆ ಒಂದೆರಡು ಕಾರುಗಳನ್ನೂ ರಸ್ತೆಗೆ ಇಳಿಸುತ್ತಾರೆ. ಅವುಗಳನ್ನು ಕೈಬಿಡಬೇಕೆಂದು ಮನವಿ ಪತ್ರ ಹಿಡಿದು ನಮ್ಮ ಭಕ್ತರು ಶ್ರೀಮಠಕ್ಕೆ ಬಂದದ್ದು ನನಗೆ ನೆನಪಿಲ್ಲ. ಹಾಗಾದರೆ ನಾವು ಅಂಜುವುದು ಜನಸಂಖ್ಯೆಗೋ, ಜನರಿಗೋ?

ಅವರು ತಂದಿದ್ದ ಪತ್ರದಲ್ಲಿ ಆರು ಅಂಶಗಳಿದ್ದವು. ನಾಲ್ಕು ನೀರು, ರಸ್ತೆ, ಆಸ್ಪತ್ರೆ ಮತ್ತು ಪರಿಸರವನ್ನು ಕುರಿತವು. ಐದನೆಯದು ಮನೆಗಳ ಬೆಲೆ ಕುಸಿಯುತ್ತದೆ ಎಂಬುದು. ಆರನೆಯದು, ‘ಅಂಥವರು’ ಬಂದರೆ ಬಡಾವಣೆಯ ಸಂಸ್ಕಾರ ಕೆಡುತ್ತದೆ ಎಂಬುದು. ಮೊದಲ ನಾಲ್ಕು ಅಂಶಗಳನ್ನು ಸರ್ಕಾರವು ಹಣ ಖರ್ಚು ಮಾಡಿ, ಯೋಜನೆ ತಿದ್ದಿ ಪರಿಹರಿಸಬಹುದು. ಆರನೆಯದನ್ನು ಯಾವ ಎಂಜಿನಿಯರನೂ ಪರಿಹರಿಸಲಾರ. ಅದನ್ನು ಬರೆದವರೇ ಅಳಿಸಬೇಕು. ಆ ಆರನೆಯ ಅಂಶವನ್ನೂ ನನ್ನ ಕರಡಿನಲ್ಲಿ ನಾನು ಸೌಮ್ಯವಾದ ಭಾಷೆಗೆ ತಿರುಗಿಸಿ ಸೇರಿಸಿದ್ದೆನೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಎಲ್ಲರೂ ಒಲ್ಲೆವೆಂದಾಗ

ಬೃಹನ್ಮುಂಬಯಿಯ ಜನಸಂಖ್ಯೆಯ ಶೇಕಡಾ 40ಕ್ಕೂ ಹೆಚ್ಚು ಭಾಗ ಕೊಳೆಗೇರಿಗಳಲ್ಲಿ ವಾಸಿಸುತ್ತದೆಂದು 2011ರ ಜನಗಣತಿ ಹೇಳುತ್ತದೆ. ಇಷ್ಟು ಜನ ಎಲ್ಲಿಯಾದರೂ ಇರಲೇಬೇಕು. ಪ್ರತಿ ಬಡಾವಣೆಯೂ ಒಲ್ಲೆನೆಂದರೆ ಅವರು ಮಾಯವಾಗುವುದಿಲ್ಲ. ಒಲ್ಲೆನೆನ್ನುವ ಶಕ್ತಿ ಇಲ್ಲದ ಜಾಗಕ್ಕೆ ಹೋಗಿ ಸೇರುತ್ತಾರೆ. ಮುಂಬಯಿಯಲ್ಲಿ ಅಂಥ ಜಾಗಗಳು ಯಾವುವೆಂದು ನೋಡಿದರೆ ಎದೆ ನಡುಗುತ್ತದೆ.

ಮಾಹುಲ್ ಎಂಬಲ್ಲಿ ತೈಲ ಶುದ್ಧೀಕರಣಾಗಾರಗಳ ಮತ್ತು ರಾಸಾಯನಿಕ ಘಟಕಗಳ ನಡುವೆ 17 ಸಾವಿರಕ್ಕೂ ಹೆಚ್ಚು ಪುನರ್ವಸತಿ ಮನೆಗಳನ್ನು ಕಟ್ಟಲಾಯಿತು. ಅಲ್ಲಿಯ ಗಾಳಿಯು ಆರೋಗ್ಯಕ್ಕೆ ಅಪಾಯಕಾರಿಯೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿಯೇ ಎಚ್ಚರಿಸಿತ್ತು. ಆದರೂ 2017ರಲ್ಲಿ ತಾನ್ಸಾ ನೀರಿನ ಕೊಳವೆಯ ಬದಿಯಿಂದ ಎಬ್ಬಿಸಿದ ಕುಟುಂಬಗಳನ್ನು ಅಲ್ಲಿಗೇ ಕಳುಹಿಸಲಾಯಿತು. ಕೆಮ್ಮು, ಉಬ್ಬಸ, ಚರ್ಮರೋಗಗಳಿಂದ ಬೇಸತ್ತ ಜನರು ದೀರ್ಘಕಾಲ ಧರಣಿ ಕುಳಿತರು. ಕೊನೆಗೆ 2019ರಲ್ಲಿ ಬಾಂಬೆ ಉಚ್ಚ ನ್ಯಾಯಾಲಯವು, ಯಾರನ್ನೂ ಮಾಹುಲ್‌ನಲ್ಲಿ ವಾಸಿಸುವಂತೆ ಬಲವಂತ ಮಾಡಕೂಡದು, ಬೇರೆಡೆ ಮನೆ ಕೊಡಲಾಗದಿದ್ದರೆ ತಿಂಗಳಿಗೆ 15 ಸಾವಿರ ರೂಪಾಯಿ ಬಾಡಿಗೆಯನ್ನು ಕೊಡಬೇಕು ಎಂದು ಆದೇಶಿಸಿತು.

ಈಗ ಧಾರಾವಿಯವರಿಗಾಗಿ ಗುರುತಿಸಿರುವ ಜಾಗಗಳಲ್ಲಿ ದೇವನಾರ್‌ನ ಕಸದ ಬಯಲಿನ 124 ಎಕರೆಯೂ ಸೇರಿದೆ. 1927ರಿಂದ ನಗರದ ಕಸವನ್ನು ಸುರಿಯುತ್ತಾ ಬಂದ ಜಾಗವದು. 2016ರ ಜನವರಿಯಲ್ಲಿ ಅಲ್ಲಿ ಹತ್ತಿದ ಬೆಂಕಿಯ ಹೊಗೆಯು ದಿನಗಟ್ಟಲೆ ನಗರವನ್ನು ಕವಿದಿತ್ತು. ಮುಂಬಯಿಯ 2009ರ ಮಾನವ ಅಭಿವೃದ್ಧಿ ವರದಿಯು ಎಲ್ಲ ವಾರ್ಡುಗಳಲ್ಲಿ ಕಟ್ಟಕಡೆಯ ಸ್ಥಾನ ಕೊಟ್ಟದ್ದು ಆ ಪ್ರದೇಶವಿರುವ ವಾರ್ಡಿಗೇ. ಉದ್ಯಾನ ಬೇಕೆಂದು ಕೇಳುವವರು ಕುರ್ಲಾದಲ್ಲಿದ್ದಾರೆ, ಪತ್ರ ಬರೆಯುವವರು ಮುಲುಂಡಿನಲ್ಲಿದ್ದಾರೆ. ದೇವನಾರ್‌ನವರ ಪತ್ರವನ್ನು ಓದುವವರಾರು? ಒಂದು ಬಡಾವಣೆಯ ಗೆಲುವೆಂದು ನಾವು ಸಂಭ್ರಮಿಸುವುದು ಇನ್ನೊಂದು ಕೇರಿಯ ಮೇಲೆ ಬೀಳುವ ಹೊರೆಯಾಗಿರಬಹುದು. ಪೂಜ್ಯರ ಪ್ರಶ್ನೆಯ ತಿರುಳು ಇದೇ ಎಂದು ನನಗೆ ಆಮೇಲೆ ಅರಿವಾಯಿತು.

ದೂರದ ಊರೊಂದರ ಅನುಭವ

ಬಡವರ ಮನೆಗಳು ಬಂದರೆ ಬಡಾವಣೆ ಕೆಡುವುದೇ? ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮೌಂಟ್ ಲಾರೆಲ್ ಎಂಬ ಊರಿನಲ್ಲಿ ಇದೇ ಪ್ರಶ್ನೆ ಎದ್ದಿತ್ತು. ತಲೆಮಾರುಗಳಿಂದ ಅಲ್ಲಿಯೇ ಬಾಳಿದ ಕಪ್ಪು ಜನರ ಮಕ್ಕಳು ಮನೆಗಳ ಬೆಲೆ ತೆರಲಾರದೆ ಊರು ಬಿಡಬೇಕಾದಾಗ, ಎಥೆಲ್ ಲಾರೆನ್ಸ್ ಎಂಬ ಮಹಿಳೆ ಕೆಲವು ಅಗ್ಗದ ಮನೆಗಳಿಗೆ ಅನುಮತಿ ಕೇಳಿದರು. ಇಲ್ಲಿರುವ ಶಕ್ತಿ ಇಲ್ಲದಿದ್ದರೆ ಊರು ಬಿಡಿ ಎಂಬ ಅರ್ಥದ ಉತ್ತರವು 1970ರಲ್ಲಿ ಆ ಊರಿನ ಮೇಯರ್ ಬಾಯಿಂದಲೇ, ಅದೂ ಚರ್ಚಿನಲ್ಲಿ ನಡೆದ ಸಭೆಯಲ್ಲಿ, ಬಂದಿತು. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಬಡವರನ್ನು ಹೊರಗಿಡುವಂತೆ ಊರಿನ ಕಟ್ಟಡ ನಿಯಮಗಳನ್ನು ರೂಪಿಸಕೂಡದೆಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ತೀರ್ಪಿತ್ತಿತು. ಆದರೂ ನೆರೆಹೊರೆಯವರ ವಿರೋಧ ತಣಿಯಲಿಲ್ಲ. 1994ರಲ್ಲಿ ಲಾರೆನ್ಸ್ ತೀರಿಕೊಂಡರು. ಅವರ ಹೆಸರಿನ ಮನೆಗಳಿಗೆ ಜನ ಬಂದು ಸೇರಿದ್ದು 2000ನೆಯ ಇಸವಿಯ ಹೊತ್ತಿಗೆ.

ಮುಂದೇನಾಯಿತು? ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಮತ್ತು ಸಂಗಡಿಗರು ಅಧ್ಯಯನ ನಡೆಸಿ 2013ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಆ ಮನೆಗಳಿಂದಾಗಿ ನೆರೆಯ ಬಡಾವಣೆಗಳಲ್ಲಿ ಮನೆಯ ಬೆಲೆ ಇಳಿದಿರಲಿಲ್ಲ, ಅಪರಾಧ ಹೆಚ್ಚಿರಲಿಲ್ಲ, ತೆರಿಗೆ ಏರಿರಲಿಲ್ಲ. ಅಲ್ಲಿಗೆ ಬಂದವರ ಬದುಕು ಮಾತ್ರ ಸುಧಾರಿಸಿತ್ತು. ಮಕ್ಕಳ ಓದಿಗೆ ಅನುಕೂಲವಾಗಿತ್ತು.

ಆದರೆ ಈ ಉದಾಹರಣೆಯನ್ನು ಹಿಗ್ಗಿಸಿ ಹೇಳುವುದು ಸಲ್ಲದು. ಅಲ್ಲಿ ಕಟ್ಟಿದ್ದು 140 ಮನೆಗಳು, ಮುಲುಂಡಿನಲ್ಲಿ ಯೋಜಿಸಿದ್ದು 7 ಸಾವಿರಕ್ಕೂ ಹೆಚ್ಚು. ಅಲ್ಲಿಯ ಕಟ್ಟಡಗಳನ್ನು ಸುತ್ತಲಿನ ಮನೆಗಳಂತೆಯೇ ಅಂದವಾಗಿ ಕಟ್ಟಿ, ಲಾಭವನ್ನು ನೋಡದ ಸಂಸ್ಥೆಯೊಂದು ಅಚ್ಚುಕಟ್ಟಾಗಿ ನಿರ್ವಹಿಸಿತು. ಮುಂಬಯಿಯ ಗೋವಂಡಿ ಭಾಗದ ಪುನರ್ವಸತಿ ಕಟ್ಟಡಗಳನ್ನಾದರೋ ಗಾಳಿ ಬೆಳಕು ನುಸುಳದಷ್ಟು ಒತ್ತೊತ್ತಾಗಿ ಕಟ್ಟಲಾಗಿದೆ. ಬಿಸಿಲು ಕಾಣದ ಕೆಳ ಅಂತಸ್ತುಗಳಲ್ಲಿ ಕ್ಷಯರೋಗದ ಬಾಧೆ ಹೆಚ್ಚೆಂದು ಅಲ್ಲಿ ಸಮೀಕ್ಷೆ ನಡೆಸಿದ ವೈದ್ಯರು ಹೇಳಿದ್ದಾರೆ. ಇವೆರಡನ್ನೂ ಕೂಡಿಸಿ ನೋಡಿದಾಗ ತಿಳಿಯುವುದಿಷ್ಟು: ಬಡಾವಣೆ ಕೆಡುವುದು ಬಡವರು ಬಂದುದರಿಂದಲ್ಲ, ಬಡವರಿಗೆಂದು ಕೆಟ್ಟದಾಗಿ ಕಟ್ಟಿದುದರಿಂದ.

ನಾವು ಕೇಳಬೇಕಾದುದೇನು?

ಇಲ್ಲೊಂದು ಗಮನಾರ್ಹ ಸಂಗತಿಯಿದೆ. ಧಾರಾವಿಯ ಜನರಲ್ಲಿಯೂ ಬಹಳಷ್ಟು ಮಂದಿ ಹೊರಗೆ ಹೋಗಲು ಒಪ್ಪುತ್ತಿಲ್ಲ. ಅರ್ಹರು, ಅನರ್ಹರು ಎಂಬ ಭೇದವಿಲ್ಲದೆ ಎಲ್ಲರಿಗೂ ಧಾರಾವಿಯಲ್ಲಿಯೇ ಮನೆ ಕೊಡಿ ಎಂಬುದು ಅವರ ಹೋರಾಟದ ಬೇಡಿಕೆ. ಕುಂಬಾರನಿಗೆ ಒಲೆ ಬೇಕು, ಚರ್ಮದ ಕೆಲಸದವನಿಗೆ ಮಾರುಕಟ್ಟೆ ಬೇಕು. ಅಲ್ಲಿ ಮನೆ ಮತ್ತು ಕಾಯಕ ಬೇರೆಬೇರೆಯಲ್ಲ. ಪಾದಚಾರಿ ಮಾರ್ಗದ ವಾಸಿಗಳ ಪರವಾಗಿ ಓಲ್ಗಾ ಟೆಲ್ಲಿಸ್ ಎಂಬ ಪತ್ರಕರ್ತೆ ಹೂಡಿದ ಮೊಕದ್ದಮೆಯಲ್ಲಿ, ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು ಸುಪ್ರೀಂ ಕೋರ್ಟು 1985ರಲ್ಲಿಯೇ ಹೇಳಿತ್ತು. ಹೀಗಿರುವಾಗ ಮುಲುಂಡಿನವರ ಬೇಡಿಕೆ ಮತ್ತು ಧಾರಾವಿಯವರ ಬೇಡಿಕೆ ಒಂದೆಡೆ ಕೂಡಬಲ್ಲವು. ‘ಅವರನ್ನು ಇಲ್ಲಿಗೆ ಕಳುಹಿಸಬೇಡಿ’ ಎಂಬುದರ ಬದಲು, ‘ಅವರು ದುಡಿಯುವಲ್ಲಿಯೇ ಅವರಿಗೆ ಮನೆ ಕೊಡಿ, ಅಲ್ಲಿಯ ಬೆಲೆಬಾಳುವ ಭೂಮಿಯನ್ನು ಮಾರಾಟದ ಫ್ಲ್ಯಾಟುಗಳಿಗೆ ಮೀಸಲಿಡುವ ಮೊದಲು ಅಲ್ಲಿಯವರನ್ನು ನೆನೆಯಿರಿ’ ಎಂದು ಇಬ್ಬರೂ ಕೂಡಿ ಕೇಳಬಹುದು. ವಿರೋಧವು ಆಗ ನೆರೆಯವನ ಪರವಾದ ದನಿಯಾಗುತ್ತದೆ.

ಅದಕ್ಕೂ ಮೀರಿ ಕೆಲವು ಕುಟುಂಬಗಳು ಬರುವುದೇ ಆದರೆ? ಒಂದೇ ಕಡೆ ಏಳು ಸಾವಿರ ಮನೆ ರಾಶಿ ಹಾಕುವ ಬದಲು ಅವನ್ನು ಹತ್ತಾರು ಕಡೆ ಹಂಚಿ ಎಂದು ಕೇಳಬೇಕು. ಮನೆಗಿಂತ ಮೊದಲು ಶಾಲೆ, ಆಸ್ಪತ್ರೆ, ನೀರು ಬರಲಿ ಎಂದು ಕೇಳಬೇಕು. ಕಟ್ಟಡಗಳ ನಡುವೆ ಬಿಸಿಲು ಬೀಳುವಷ್ಟು ಅಂತರವಿರಲಿ ಎಂದು ಕೇಳಬೇಕು. ನೀರು ನಿಲ್ಲುವ ತಗ್ಗಿನಲ್ಲಿ ಯಾರಿಗೂ, ಶ್ರೀಮಂತರಿಗೂ, ಮನೆ ಬೇಡವೆಂದು ಕೇಳಬೇಕು. ಇಷ್ಟನ್ನೂ ಕೇಳಿದ ಮೇಲೆ ಬಂದವರನ್ನು ನೆರೆಯವರೆಂದು ಬರಮಾಡಿಕೊಳ್ಳಬೇಕು.

ಕಲ್ಯಾಣದಲ್ಲಿ ಶರಣರು ಕಟ್ಟಿದ್ದು ಇಂಥ ನೆರೆಹೊರೆಯನ್ನೇ. ಊರ ಹೊರಗೆ ಇರಬೇಕಾದವರೆಂದು ಲೋಕವು ವಿಧಿಸಿದ್ದ ಕಕ್ಕಯ್ಯನವರನ್ನು ಊರ ಒಳಗಷ್ಟೇ ಅಲ್ಲ, ಮನದ ಒಳಗೂ ಕರೆದುಕೊಂಡರು. ನಾವು ವರ್ಷಕ್ಕೊಮ್ಮೆ ಕಕ್ಕಯ್ಯನವರ ಭಾವಚಿತ್ರಕ್ಕೆ ಹೂಮಾಲೆ ಹಾಕಿ, ಅವರ ಹೆಸರಿನ ಬೀದಿಯವರು ನಮ್ಮ ಬೀದಿಗೆ ಬರಬಾರದೆಂದು ಅರ್ಜಿ ಬರೆದರೆ, ಆ ಮಾಲೆಗೆ ಅರ್ಥವೇನು?

ಮುಲುಂಡಿನ ಭಕ್ತರಿಗೆ ಈಗ ಹೊಸ ಕರಡನ್ನು ಕಳುಹಿಸಿದ್ದೇನೆ. ಅದರಲ್ಲಿ ಮೊದಲ ನಾಲ್ಕು ಅಂಶಗಳು ಇನ್ನಷ್ಟು ಬಲವಾಗಿವೆ; ಕೊನೆಯ ಎರಡು ಇಲ್ಲ. ಅವುಗಳ ಸ್ಥಾನದಲ್ಲಿ ಅವರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಉತ್ತರವಿದೆ. ಪೂಜ್ಯರು ಅದಕ್ಕೆ ಸಮ್ಮತಿಸಿದ್ದಾರೆ. ಭಕ್ತರಲ್ಲಿ ಮೂವರು ಒಪ್ಪಿ ಮರುಪತ್ರ ಬರೆದಿದ್ದಾರೆ. ಒಬ್ಬರು, ಶ್ರೀಮಠವು ನಮ್ಮನ್ನು ಕೈಬಿಟ್ಟಿತು ಎಂದು ನೊಂದು ಬರೆದಿದ್ದಾರೆ. ಉಳಿದವರಿಂದ ಇನ್ನೂ ಉತ್ತರ ಬಂದಿಲ್ಲ. ನೊಂದವರೊಡನೆ ಮಾತನಾಡಲು ಮುಂದಿನ ತಿಂಗಳು ನಾನೇ ಮುಂಬಯಿಗೆ ಹೋಗುವವನಿದ್ದೇನೆ. ಮುಲುಂಡಿನಲ್ಲಿ ಇಳಿಯುವ ಮುನ್ನ ಸಂತ ಕಕ್ಕಯ್ಯ ಮಾರ್ಗಕ್ಕೆ ಹೋಗಿ ಆ ಹಿರಿಯರ ಮೇಲಂತಸ್ತಿನ ಕೋಣೆಯನ್ನು ನೋಡಿ ಬರಬೇಕೆಂಬುದು ಪೂಜ್ಯರ ಅಪ್ಪಣೆ.

ನಮ್ಮ ನಾಡಿನ ಊರುಗಳಲ್ಲಿಯೂ ಬಡವರ ನಿವೇಶನದ ಪ್ರಸ್ತಾವ ಬಂದಾಗ ಇಂಥ ಮನವಿಗಳು ನಮ್ಮ ಮುಂದೆ ಬರುತ್ತವೆ. ಸಹಿ ಹಾಕುವ ಮೊದಲು ಸದ್ಭಕ್ತರು ಪತ್ರವನ್ನು ಒಮ್ಮೆ ಪೂರ್ತಿಯಾಗಿ ಓದಿ, ಅವರು ಎಲ್ಲಿಗೆ ಹೋಗಬೇಕೆಂಬುದು ಅದರಲ್ಲಿ ಬರೆದಿದೆಯೇ ಎಂದು ನೋಡಬೇಕಾಗಿ ವಿನಂತಿ.

ಶರಣು ಶರಣಾರ್ಥಿ.

ಕಾರ್ಯದರ್ಶಿ, ಶ್ರೀಮಠ